ಓದಿನ ವ್ರತ

ಮೇಷ್ಟರ ಕೈಯಲ್ಲಿ ಒಂದು ಪುಸ್ತಕವಿದ್ದರೆ ಸಾಕು, ಅವರು ಅದನ್ನು ಓದಿದ್ದಾರೆಂದು ಲೋಕ ನಂಬಿಬಿಡುತ್ತದೆ. ಕನ್ನಡ ಮೇಷ್ಟರಾದರೆ ಕೈಯಲ್ಲಿ ಪುಸ್ತಕವೂ ಬೇಕಿಲ್ಲ. ಪಂಪನಿಂದ ಹಿಡಿದು ಮೊನ್ನೆ ಬಿಡುಗಡೆಯಾದ ಕವನ ಸಂಗ್ರಹದವರೆಗೆ ಎಲ್ಲವೂ ಅವರ ಹೊಟ್ಟೆಯಲ್ಲಿದೆಯೆಂದೇ ಲೆಕ್ಕ. ಮದುವೆಮನೆಯಲ್ಲೋ ಬಸ್ಸಿನಲ್ಲೋ ಕ್ಷೌರದ ಅಂಗಡಿಯಲ್ಲೋ ಯಾರಾದರೊಬ್ಬರು, “ನೀವು ಕನ್ನಡ ಎಂ.ಎ. ಅಲ್ಲವೇ? ಹಾಗಾದರೆ ಇದನ್ನು ಓದಿಯೇ ಇರುತ್ತೀರಿ” ಎಂದು ಯಾವುದೋ ಪುಸ್ತಕದ ಹೆಸರು ಹೇಳುತ್ತಾರೆ. ನಾನು ಹೌದೆಂದೂ ಆಗಬಹುದಾದ, ಅಲ್ಲವೆಂದೂ ಆಗಬಹುದಾದ ಒಂದು ರೀತಿಯಲ್ಲಿ ತಲೆಯಾಡಿಸುತ್ತೇನೆ. ಹದಿನೆಂಟು ವರ್ಷಗಳ ಅಧ್ಯಾಪಕ ವೃತ್ತಿಯಲ್ಲಿ ನಾನು ಸಂಪಾದಿಸಿದ ವಿದ್ಯೆಗಳಲ್ಲಿ ಈ ತಲೆಯಾಡಿಸುವ ವಿದ್ಯೆಯಷ್ಟು ಉಪಯೋಗಕ್ಕೆ ಬಂದದ್ದು ಇನ್ನೊಂದಿಲ್ಲ.

ಈ ವಿದ್ಯೆ ಒಂದು ದಿನ ತರಗತಿಯಲ್ಲಿ ಕೈಕೊಟ್ಟಿತು.

ಅಂದು ಸಾಹಿತ್ಯ ಚರಿತ್ರೆಯಲ್ಲಿ ‘ಶಾಸ್ತ್ರಗ್ರಂಥಗಳು’ ಎಂಬ ಭಾಗ. ಪ್ರತಿವರ್ಷವೂ ಒಂದೇ ಪೀರಿಯಡ್ಡಿನಲ್ಲಿ ಮುಗಿಯುವ ಪಾಠ. ಸುಮಾರು 1025ರಲ್ಲಿ ಇಮ್ಮಡಿ ಚಾವುಂಡರಾಯನ ಲೋಕೋಪಕಾರ. ಹನ್ನೆರಡನೆಯ ಶತಮಾನದಲ್ಲಿ ಕೀರ್ತಿವರ್ಮನ ಗೋವೈದ್ಯ, ರಾಜಾದಿತ್ಯನ ವ್ಯವಹಾರಗಣಿತ. ಆಮೇಲೆ ಮಂಗರಾಜನ ಖಗೇಂದ್ರಮಣಿದರ್ಪಣ, ಮೂರನೆಯ ಮಂಗರಸನ ಸೂಪಶಾಸ್ತ್ರ. ದನಕ್ಕೊಂದು, ಲೆಕ್ಕಕ್ಕೊಂದು, ವಿಷಕ್ಕೊಂದು, ಅಡುಗೆಗೊಂದು. ನಾನು ಹೇಳುತ್ತಾ ಹೋದೆ, ಹುಡುಗರು ಬರೆದುಕೊಳ್ಳುತ್ತಾ ಹೋದರು. ಐದು ಅಂಕದ ಪ್ರಶ್ನೆಗೆ ಅಷ್ಟು ಸಾಕು.

ಹಿಂದಿನ ಬೆಂಚಿನಿಂದ ಪಾವಗಡದ ಕಡೆಯ ಹುಡುಗನೊಬ್ಬ ಎದ್ದು ನಿಂತ. “ಸಾರ್, ಲೋಕೋಪಕಾರದಲ್ಲಿ ಭೂಮಿಯೊಳಗಿನ ನೀರು ಹುಡುಕುವ ಅಧ್ಯಾಯ ಇದೆ ಅಂದಿರಿ. ಅದರಲ್ಲಿ ಏನು ಹೇಳಿದೆ ಸಾರ್?”

ಅವನು ಪರೀಕ್ಷೆಗಾಗಿ ಕೇಳಲಿಲ್ಲ. ಅವನ ತಂದೆ ಸಾಲ ಮಾಡಿ ಮೂರು ಕೊಳವೆಬಾವಿ ಕೊರೆಸಿದ್ದರು. ಮೂರರಲ್ಲೂ ಬಂದದ್ದು ಬರಿಯ ಧೂಳು. ಇದು ನನಗೆ ಗೊತ್ತಿತ್ತು. ಫೀಜು ಕಟ್ಟಲು ಅವನು ಕಾಲಾವಕಾಶ ಕೇಳಿದ್ದು ನನ್ನ ಮೂಲಕವೇ. ಆಗಲೇ “ನಾನು ಓದಿಲ್ಲಪ್ಪ” ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ನಾಲಗೆ, “ಬಹಳ ಹಿಂದೆ ಓದಿದ್ದು, ಇನ್ನೊಮ್ಮೆ ನೋಡಿ ಮುಂದಿನ ವಾರ ಹೇಳುತ್ತೇನೆ” ಎಂದಿತು. ಮುಂದಿನ ವಾರ ಅವನು ಕೇಳಿದ. ನಾನು ಬೇರೇನೋ ಸಬೂಬು ಹೇಳಿದೆ. ಅದರ ಮುಂದಿನ ವಾರ ಅವನು ಕೇಳಲಿಲ್ಲ.

ಕೇಳಿದ್ದಕ್ಕಿಂತ ಈ ಕೇಳದಿದ್ದದ್ದು ನನ್ನನ್ನು ಹೆಚ್ಚು ಬಾಧಿಸಿತು. ರಾತ್ರಿ ಕುಳಿತು ಲೆಕ್ಕ ಹಾಕಿದೆ. ನಾನು ಪಾಠ ಹೇಳುವ ಪುಸ್ತಕಗಳಲ್ಲಿ ಕಾವ್ಯ, ಕಾದಂಬರಿ, ನಾಟಕಗಳನ್ನು ಬಹುಪಾಲು ಓದಿದ್ದೇನೆ, ನಿಜ; ಉಳಿದವುಗಳ ಹೆಸರು, ಕಾಲ, ಕರ್ತೃ ಮಾತ್ರ ಬಲ್ಲೆ. ಪಾಠಕ್ಕೆ ಬೇಡದ ಪುಸ್ತಕವನ್ನು ಮೊದಲಿಂದ ಕೊನೆಯವರೆಗೆ ಓದಿ ಎಷ್ಟು ವರ್ಷವಾಯಿತೆಂದು ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ. ಊಟದ ಹೊತ್ತಿಗೆ ಮನೆಯಾಕೆಗೆ ಇದನ್ನು ಹೇಳಿದೆ. ಆಕೆ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವಳು. ಯಾವ ದುಃಖವನ್ನೂ ಅಂಕಿಗೆ ಇಳಿಸದೆ ಬಿಡುವವಳಲ್ಲ. “ಹನ್ನೆರಡು ತಿಂಗಳು, ಹನ್ನೆರಡು ಪುಸ್ತಕ. ಯುಗಾದಿಯಿಂದ ಶುರು ಮಾಡಿ” ಎಂದಳು. ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನಲ್ಲಿ ತಿಂಗಳಿಗೊಂದು ಖಾನೆ ಬಿಡಿಸಿಯೂ ಕೊಟ್ಟಳು.

ವ್ರತವೆಂದ ಮೇಲೆ ನಿಯಮವಿಲ್ಲದಿದ್ದರೆ ಹೇಗೆ? ಮೂರು ನಿಯಮ ಹಾಕಿಕೊಂಡೆ. ಪಠ್ಯವಾಗಿರುವ ಪುಸ್ತಕ ಕೂಡದು. ಒಂದೇ ಜಾತಿಯ ಎರಡು ಪುಸ್ತಕ ಕೂಡದು. ಮುನ್ನುಡಿಯನ್ನು ಓದಿ ಪುಸ್ತಕವನ್ನು ಓದಿದೆನೆಂದು ಹೇಳಕೂಡದು. ಮೂರನೆಯದು ನಮ್ಮ ವೃತ್ತಿಯವರಿಗೆ ಎಷ್ಟು ಕಠಿಣವೆಂಬುದನ್ನು ಬಲ್ಲವರೇ ಬಲ್ಲರು.

ಪಟ್ಟಿಯಲ್ಲಿ ಲೋಕೋಪಕಾರವನ್ನೇ ಮೊದಲು ಬರೆದೆ. ಆದರೆ ನಮ್ಮ ಕಾಲೇಜಿನ ಗ್ರಂಥಾಲಯದಲ್ಲಿ ಅದಿರಲಿಲ್ಲ. ಇದ್ದ ಒಂದೆರಡು ಕಡೆ ಹೊರಗೆ ಕೊಡುವುದಿಲ್ಲವೆಂದರು. ಪರಿಚಯದವರಿಗೆಲ್ಲ ಹೇಳಿಟ್ಟು, ಅದು ಸಿಗುವವರೆಗೆ ಕೈಗೆ ಸಿಕ್ಕದ್ದರಿಂದ ಆರಂಭಿಸೋಣವೆಂದು ಹೊರಟೆ.

ಕೈಗೆ ಸಿಕ್ಕದ್ದು ನಮ್ಮ ತಾಯಿಯ ಟ್ರಂಕಿನಲ್ಲಿದ್ದ, ಎನ್. ನರಸಿಂಹಯ್ಯನವರ ಒಂದು ಪತ್ತೇದಾರಿ ಕಾದಂಬರಿ. ನರಸಿಂಹಯ್ಯನವರು ಶಾಲೆಯಲ್ಲಿ ಓದಿದ್ದು ನಾಲ್ಕನೆಯ ತರಗತಿಯವರೆಗೆ. ಬರೆದದ್ದು ಐನೂರಕ್ಕೂ ಹೆಚ್ಚು ಕಾದಂಬರಿ. ನಮ್ಮ ತಾಯಿ ಓದಿದ್ದು ಏಳನೆಯ ತರಗತಿ. ಮದುವೆಯಾದ ಹೊಸದರಲ್ಲಿ ಬಾಡಿಗೆ ಪುಸ್ತಕದ ಅಂಗಡಿಯಿಂದ ತರಿಸಿ, ಒಲೆಯ ಮುಂದೆ ಕುಳಿತು ಅವನ್ನು ಓದುತ್ತಿದ್ದರಂತೆ. ಇಂಥ ಪುಸ್ತಕಗಳನ್ನೆಲ್ಲ ನಾನು ತರಗತಿಯಲ್ಲಿ ‘ಜನಪ್ರಿಯ ಸಾಹಿತ್ಯ’ ಎಂಬ ಒಂದು ಮಾತಿನಲ್ಲಿ ಮೂಲೆಗೆ ತಳ್ಳುತ್ತಾ ಬಂದವನು. ಅಂದು ರಾತ್ರಿ ಒಂದು ಗಂಟೆಯಾದರೂ ದೀಪ ಆರಿಸಲಿಲ್ಲ. ಒಳಗಿನ ಕೋಣೆಯಿಂದ ತಾಯಿಯ ದನಿ ಬಂತು: “ಕೊಲೆ ಮಾಡಿದೋರು ಯಾರು ಅಂತ ಹೇಳಿಬಿಡಲೇನೋ? ಮಲಕ್ಕೋ ಹೋಗು.” ಹೇಳಬೇಡಿರೆಂದು ಅಂಗಲಾಚಿದೆ. ಪುಸ್ತಕ ಮುಗಿದ ಮೇಲೆ ನೋಡಿಕೊಂಡರೆ ನನ್ನ ಕೈಯಲ್ಲಿ ಪೆನ್ಸಿಲ್ ಇರಲಿಲ್ಲ. ಗೆರೆ ಎಳೆಯದೆ, ಟಿಪ್ಪಣಿ ಮಾಡದೆ, ಮುಂದೇನಾಯಿತೆಂಬ ಒಂದೇ ಆಸೆಯಿಂದ ಓದಿ ಎಷ್ಟು ಕಾಲವಾಗಿತ್ತು!

ವೈಶಾಖದಲ್ಲಿ ಬಿ.ಜಿ.ಎಲ್. ಸ್ವಾಮಿಯವರ ಹಸುರು ಹೊನ್ನು. 1976ರಲ್ಲಿ ಪ್ರಕಟವಾಯಿತು, 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆಯಿತು ಎಂದು ನಿದ್ದೆಯಲ್ಲೂ ಹೇಳಬಲ್ಲೆ. ಒಳಗೇನಿದೆಯೆಂದು ಎಚ್ಚರದಲ್ಲೂ ಹೇಳಲಾರದವನಾಗಿದ್ದೆ. ಸಸ್ಯಶಾಸ್ತ್ರದ ಪ್ರಾಧ್ಯಾಪಕರೊಬ್ಬರು ವಿದ್ಯಾರ್ಥಿಗಳ ಹಿಂಡನ್ನು ಕಟ್ಟಿಕೊಂಡು ಪಶ್ಚಿಮಘಟ್ಟದ ಕಾಡು ಸುತ್ತುತ್ತಾರೆ. ಗಿಡಗಳ ಪರಿಚಯದ ಜೊತೆಗೆ ನಗುವೂ ಹರಟೆಯೂ ಬರುತ್ತವೆ. ಅದನ್ನು ಮುಗಿಸಿದ ಮಾರನೆಯ ದಿನ ಕಾಲೇಜಿಗೆ ಹೋಗಿ ಸ್ಕೂಟರು ನಿಲ್ಲಿಸಿದೆ. ಹದಿನೆಂಟು ವರ್ಷಗಳಿಂದ ನಿಲ್ಲಿಸುವುದು ಒಂದೇ ಮರದ ಕೆಳಗೆ. ಅದು ಯಾವ ಮರ? ಸಸ್ಯಶಾಸ್ತ್ರದ ಸಹೋದ್ಯೋಗಿಯನ್ನು ಕೇಳಿದೆ. “ಮಳೆಮರ ಕಣ್ರೀ. ಸಂಜೆಯಾದರೆ ಎಲೆ ಮುಚ್ಚಿಕೊಳ್ಳುತ್ತದೆ, ನೋಡಿಲ್ಲವೇ? ಅದರ ಮೂಲ ನಮ್ಮ ದೇಶವಲ್ಲ, ಮಧ್ಯ ಅಮೆರಿಕ, ದಕ್ಷಿಣ ಅಮೆರಿಕದ ಕಡೆಯದು” ಎಂದರು. ನಾನು ನೋಡಿರಲಿಲ್ಲ. ಪ್ರಕೃತಿವರ್ಣನೆಯ ಬಗ್ಗೆ ಒಂದು ಪ್ರಬಂಧ ಮಂಡಿಸಿದ್ದೆ, ಅಷ್ಟೆ.

ಮುಂದಿನದು ಸೂಪಶಾಸ್ತ್ರ. ಹದಿನಾರನೆಯ ಶತಮಾನದ ಆರಂಭದಲ್ಲಿ ಮೂರನೆಯ ಮಂಗರಸ ವಾರ್ಧಕ ಷಟ್ಪದಿಯಲ್ಲಿ ಬರೆದ ಅಡುಗೆಯ ಗ್ರಂಥ. ನಾನು ವಾರ್ಧಕದ ಮಾತ್ರೆ ಎಣಿಸಬಲ್ಲೆ, ಬದನೆಕಾಯಿ ಹೆಚ್ಚಲಾರೆ. ಆದ್ದರಿಂದ ಅಡುಗೆಮನೆಯ ಬಾಗಿಲಲ್ಲಿ ಕುಳಿತು ತಾಯಿಗೂ ಮನೆಯಾಕೆಗೂ ಪದ್ಯ ಓದಿ ಅರ್ಥ ಹೇಳತೊಡಗಿದೆ. ಎರಡು ದಿನ ಸುಮ್ಮನೆ ಕೇಳಿದ ತಾಯಿ ಮೂರನೆಯ ದಿನ, “ಅಲ್ಲ ಕಣೋ, ಈ ಮಹರಾಯ ಮೆಣಸಿನಕಾಯಿ ಮಾತೇ ಎತ್ತಲಿಲ್ಲವಲ್ಲ, ಖಾರಕ್ಕೇನು ಮಾಡುತ್ತಿದ್ದ?” ಎಂದರು. ವಿದ್ವಾಂಸನಾದ ನನಗೆ ಹೊಳೆಯದ ಪ್ರಶ್ನೆ! ಉತ್ತರಕ್ಕಾಗಿ ವ್ರತಭಂಗ ಮಾಡಿ ಸ್ವಾಮಿಯವರದೇ ಇನ್ನೊಂದು ಪುಸ್ತಕ, ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕವನ್ನು ಹಿಡಿಯಬೇಕಾಯಿತು. ಮೆಣಸಿನಕಾಯಿ, ಆಲೂಗಡ್ಡೆ, ಟೊಮೇಟೊ, ಕಡಲೆಕಾಯಿ ಇವೆಲ್ಲ ಅಮೆರಿಕ ಖಂಡದ ಮೂಲದವು. ಮೆಣಸಿನಕಾಯಿ ಪೋರ್ಚುಗೀಸರ ಹಡಗುಗಳೊಡನೆ ನಮ್ಮ ಕರಾವಳಿಗೆ ಬಂದಿಳಿಯಿತು. ಮಂಗರಸನ ಕಾಲಕ್ಕೆ ಅದಿನ್ನೂ ನಮ್ಮ ಒಲೆಯನ್ನು ಮುಟ್ಟಿರಲಿಲ್ಲ. ಖಾರಕ್ಕೆ ಕಾಳುಮೆಣಸು, ಶುಂಠಿಗಳೇ ಗತಿ. ಆಮೇಲೆ ಪ್ರವಾಸಕಥನದ ಸರದಿ ಬಂದಾಗ ಆರಿಸಲು ಯೋಚನೆಯೇ ಮಾಡಲಿಲ್ಲ. ಆಲೂಗಡ್ಡೆಯ ತವರಿಗೇ ಹೋಗೋಣವೆಂದು ನೇಮಿಚಂದ್ರರ ಪೆರುವಿನ ಪವಿತ್ರ ಕಣಿವೆಯಲ್ಲಿ ಓದಿದೆ. ಮಂಗರಸ ಕೈಹಿಡಿದು ಪೆರುವಿಗೆ ಕರೆದೊಯ್ಯುತ್ತಾನೆಂದು ಯಾವ ಸಾಹಿತ್ಯ ಚರಿತ್ರೆಯೂ ನನಗೆ ಹೇಳಿರಲಿಲ್ಲ. ಕಪಾಟಿನಲ್ಲಿ ಬೇರೆ ಬೇರೆ ಸಾಲಿನಲ್ಲಿಟ್ಟ ಪುಸ್ತಕಗಳು ನಮಗೆ ತಿಳಿಯದಂತೆ ಪರಸ್ಪರ ಮಾತಾಡಿಕೊಳ್ಳುತ್ತಿರುತ್ತವೆ. ಒಂದೇ ಸಾಲಿನ ಮುಂದೆ ನಿಂತವನಿಗೆ ಅದು ಕೇಳಿಸುವುದಿಲ್ಲ.

ಸೋತದ್ದನ್ನೂ ಹೇಳಬೇಕು. ರಾಜಾದಿತ್ಯನ ಗಣಿತದಲ್ಲಿ ಪದ್ಯದ ಅನ್ವಯ ನನಗಾಗುತ್ತಿತ್ತು, ಲೆಕ್ಕವಾಗುತ್ತಿರಲಿಲ್ಲ; ಮನೆಯಾಕೆಗೆ ಲೆಕ್ಕವಾಗುತ್ತಿತ್ತು, ಪದ್ಯ ಆಗುತ್ತಿರಲಿಲ್ಲ. ಇಬ್ಬರೂ ಕೂಡಿ ಕೆಲವು ರಾತ್ರಿ ಹೆಣಗಿದೆವು. “ಇದನ್ನು ಬರೆದಾತನ ತಲೆಯಲ್ಲಿ ನಾವಿಬ್ಬರೂ ಒಟ್ಟಿಗಿದ್ದೆವು ನೋಡಿ” ಎಂದಳು ಆಕೆ. ಪುಸ್ತಕ ಅರ್ಧಕ್ಕೇ ನಿಂತಿತು. ಆ ಮಾತು ಉಳಿಯಿತು. ಶಿವರಾಮ ಕಾರಂತರ ಬಾಲಪ್ರಪಂಚ ಮಕ್ಕಳಿಗಾಗಿ 1936ರಲ್ಲಿ ಬಂದದ್ದು. ಅದರ ಮೂರು ಸಂಪುಟಗಳನ್ನು ಮಗಳಿಗೆ ಓದಿಹೇಳುವ ನೆಪದಲ್ಲಿ ನಾನೇ ಓದಿದೆ. ವಿಜ್ಞಾನ ಆಮೇಲೆ ಬಹಳ ದೂರ ನಡೆದಿದೆ, ನಿಜ. ಆದರೆ ಕಾದಂಬರಿಕಾರನೊಬ್ಬ ಲೋಕದ ಯಾವ ಸಂಗತಿಯನ್ನೂ ‘ಇದು ನನ್ನ ವಿಷಯವಲ್ಲ’ ಎನ್ನದೆ ಹೋದನಲ್ಲ, ಅದನ್ನು ನೆನೆದು ನಾಚಿಕೆಯಾಯಿತು. ‘ಅದು ನನ್ನ ವಿಷಯವಲ್ಲ’ ಎಂಬುದು ನಮ್ಮ ಸ್ಟಾಫ್‌ರೂಮಿನಲ್ಲಿ ದಿನಕ್ಕೆ ಹತ್ತು ಸಲ ಕೇಳಿಬರುವ ಮಾತು.

ಕಾರ್ತಿಕ ಮುಗಿಯುವ ಹೊತ್ತಿಗೆ ಮೈಸೂರಿನ ನಿವೃತ್ತ ಅಧ್ಯಾಪಕರೊಬ್ಬರ ಮನೆಯಲ್ಲಿ ಲೋಕೋಪಕಾರ ಸಿಕ್ಕಿತು. ಮದರಾಸಿನಲ್ಲಿ ಅಚ್ಚಾದ ಹಳೆಯ ಪ್ರತಿ. ಮುಟ್ಟಿದರೆ ಅಂಚು ಉದುರುತ್ತಿತ್ತು. ಜೆರಾಕ್ಸ್ ಮಾಡಿಸಿ ತಂದೆ. ಹಳಗನ್ನಡ ನನಗೆ ಹೊಸದಲ್ಲ. ಆದರೆ ಇಲ್ಲಿ ಅಲಂಕಾರ ನನ್ನ ಸಹಾಯಕ್ಕೆ ಬರುವಂತಿರಲಿಲ್ಲ. ಮರ, ಹುತ್ತ, ಮಣ್ಣಿನ ಬಣ್ಣ ಇವುಗಳ ಗುರುತಿನಿಂದ ನೆಲದಡಿಯ ನೀರನ್ನು ಊಹಿಸುವ ಬಗೆ ಅದು. ಆರನೆಯ ಶತಮಾನದ ವರಾಹಮಿಹಿರನ ಬೃಹತ್ಸಂಹಿತೆಯಲ್ಲೂ ಇದೇ ವಿಷಯಕ್ಕೊಂದು ಅಧ್ಯಾಯವಿದೆ. ಗಿಡಮರಗಳ ಹೆಸರುಗಳೇ ನನಗೆ ತೊಡಕು. ಮೂರು ನಿಘಂಟು ನೋಡಿದರೂ ಒಂದು ಗಿಡ ಯಾವುದೆಂದು ಬಗೆಹರಿಯದೆ ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿದೆ. ಸಾವಿರ ವರ್ಷದ ಹಿಂದಿನ ಮಾತನ್ನೇ ನಂಬಿ ಯಾರೂ ಸಾಲ ಮಾಡಬಾರದೆಂದು, ಅಂತರ್ಜಲದ ಮೇಲಿನ ಇಂದಿನ ಒಂದು ಚಿಕ್ಕ ಪುಸ್ತಕವನ್ನೂ ಓದಿದೆ. ನಮ್ಮದು ಗಟ್ಟಿಬಂಡೆಯ ನಾಡು. ನೀರು ನಿಲ್ಲುವುದು ಮೇಲಿನ ಶಿಥಿಲ ಪದರದಲ್ಲಿ, ಅದರ ಕೆಳಗೆ ಬಂಡೆಯ ಬಿರುಕುಗಳಲ್ಲಿ. ಆದ್ದರಿಂದಲೇ ಪಕ್ಕದ ಹೊಲದಲ್ಲಿ ನೀರು ಚಿಮ್ಮಿ ನಮ್ಮದರಲ್ಲಿ ಧೂಳು ಬರುವುದು. ಆಳ ಹೆಚ್ಚಿದರೆ ನೀರು ಸಿಗುತ್ತದೆಂಬ ಭರವಸೆಯಿಲ್ಲ. ಮಳೆಯ ನೀರು ಇಂಗದೆ ಬಂಡೆಗೆ ನೀರು ಬರುವುದೂ ಇಲ್ಲ.

ಮರುದಿನ ತರಗತಿಗೆ ಹೋದೆ. ಆ ಹುಡುಗ ಈಗ ಕೊನೆಯ ವರ್ಷದಲ್ಲಿದ್ದ. ಮನೆಯಿಂದ ಕಾಲೇಜಿನವರೆಗೆ ಸಿದ್ಧಪಡಿಸಿಕೊಂಡಿದ್ದ ಪೀಠಿಕೆಯೆಲ್ಲ ಮರೆತುಹೋಯಿತು. “ಹೋದ ವರ್ಷ ಲೋಕೋಪಕಾರವನ್ನು ಓದಿದ್ದೇನೆಂದು ಹೇಳಿದ್ದೆ. ಅದು ಸುಳ್ಳು. ಈಗ ಓದಿದ್ದೇನೆ” ಎಂದೆ. ತರಗತಿ ನಿಶ್ಶಬ್ದವಾಯಿತು. ಆ ಹುಡುಗ ಕುಳಿತಲ್ಲಿಂದಲೇ ಮೆಲ್ಲಗೆ, “ಆಗಲೇ ಗೊತ್ತಾಗಿತ್ತು ಸಾರ್” ಎಂದ. ಅವನ ದನಿಯಲ್ಲಿ ವ್ಯಂಗ್ಯವಿರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

ಪಾಠ ಮುಗಿದ ಮೇಲೆ ಆ ಅಧ್ಯಾಯದ ಜೆರಾಕ್ಸ್ ಪ್ರತಿ ಕೇಳಿ ಊರಿಗೆ ತೆಗೆದುಕೊಂಡು ಹೋದ. ಹತ್ತು ದಿನ ಕಳೆದು ಹಿಂದಕ್ಕೆ ಕೊಟ್ಟ. ನಾನು ಪ್ರಶ್ನಾರ್ಥಕ ಹಾಕಿದ್ದ ಕಡೆ ಪೆನ್ಸಿಲಿನಲ್ಲಿ ಒಂದು ಗಿಡದ ಹೆಸರು, ಅದರ ಮುಂದೆ ಸಣ್ಣಕ್ಷರದಲ್ಲಿ ‘ಅಪ್ಪ ಹೇಳಿದ್ದು’ ಎಂದಿತ್ತು. ನಿಘಂಟುಗಳಲ್ಲಿ ಸಿಗದ ಮಾತು ಹೊಲದ ಬದುವಿನಲ್ಲಿ ಬದುಕಿತ್ತು. ನೀರು ಸಿಕ್ಕಿತೇ ಎಂದು ಓದುಗರು ಕೇಳಬಹುದು. ಅವನ ತಂದೆ ನಾಲ್ಕನೆಯ ಬಾವಿ ಕೊರೆಸುವ ಯೋಚನೆ ಬಿಟ್ಟು ಮಳೆನೀರಿಗೆ ಹೊಂಡ ತೋಡಿಸಿದ್ದಾರೆ. ಅದು ತುಂಬುವುದು ಬಿಡುವುದು ಮಳೆಗೆ ಸೇರಿದ್ದು, ಪುಸ್ತಕಕ್ಕೆ ಸೇರಿದ್ದಲ್ಲ.

ವರ್ಷದ ಕೊನೆಗೆ ಕ್ಯಾಲೆಂಡರು ನೋಡಿದರೆ ಹನ್ನೆರಡರಲ್ಲಿ ಮುಗಿದದ್ದು ಒಂಬತ್ತು. ಮನೆಯಾಕೆಯ ಲೆಕ್ಕದಲ್ಲಿ ನೂರಕ್ಕೆ ಎಪ್ಪತ್ತೈದು, ಫಸ್ಟ್ ಕ್ಲಾಸು. ಆದರೆ ನನ್ನ ನಿಜವಾದ ಸಂಪಾದನೆ ಆ ಒಂಬತ್ತು ಪುಸ್ತಕವಲ್ಲ, ಎರಡು ಪದ: ‘ನಾನು ಓದಿಲ್ಲ.’ ಇವನ್ನು ಹೇಳಲು ಕಲಿಯುವುದಕ್ಕೆ ಇಷ್ಟೆಲ್ಲ ಓದಬೇಕಾಯಿತು.

ಮೊನ್ನೆ ಒಂದು ಮದುವೆಮನೆಯಲ್ಲಿ ಹಿರಿಯರೊಬ್ಬರು ಎಂದಿನಂತೆ, “ಕನ್ನಡ ಎಂ.ಎ. ಅಂದ ಮೇಲೆ ಇದನ್ನು ಓದಿಯೇ ಇರುತ್ತೀರಿ” ಎಂದು ಒಂದು ದೊಡ್ಡ ಗ್ರಂಥದ ಹೆಸರು ಹೇಳಿದರು. “ಇಲ್ಲ ಸ್ವಾಮಿ, ಓದಿಲ್ಲ. ಅದರಲ್ಲಿ ಏನಿದೆ, ದಯವಿಟ್ಟು ಹೇಳಿ” ಎಂದೆ. ಅವರು ನನ್ನ ಮುಖವನ್ನೊಮ್ಮೆ ನೋಡಿದರು. ಆಮೇಲೆ ಹೌದೆಂದೂ ಆಗಬಹುದಾದ, ಅಲ್ಲವೆಂದೂ ಆಗಬಹುದಾದ ಒಂದು ರೀತಿಯಲ್ಲಿ ತಲೆಯಾಡಿಸುತ್ತಾ, ಊಟದ ಪಂಕ್ತಿಗೆ ಹೊತ್ತಾಯಿತೆಂದು ಎದ್ದರು.