ಜುಲೈನಲ್ಲಿ ಬನ್ನಿ, ಆಮೇಲೆ ಮಾತಾಡುವ

ಬೆಂಗಳೂರು ಬಿಟ್ಟು ಎಲ್ಲಾದ್ರೂ ಹೋಗಿಬಿಡೋಣ ಅನ್ನೋ ಮಾತು ನಮ್ಮ ವಯಸ್ಸಿನ ಸಾಫ್ಟ್‌ವೇರ್ ಮನೆಗಳಲ್ಲಿ ವಾರಕ್ಕೊಮ್ಮೆಯಾದರೂ ಬರುತ್ತೆ. ಸಾಮಾನ್ಯವಾಗಿ ಭಾನುವಾರ ರಾತ್ರಿ. ಸೋಮವಾರ ಸ್ಟ್ಯಾಂಡಪ್ ಮೀಟಿಂಗ್ ಶುರುವಾದ ಮೇಲೆ ಮರೆತೂ ಹೋಗುತ್ತೆ. ನಮ್ಮ ಮನೆಯಲ್ಲಿ ಮರೆಯೋಕಾಗಲಿಲ್ಲ. ಕಾರಣ ಅಮ್ಮ.

ಅಮ್ಮನಿಗೆ 61 ವರ್ಷ. ತಿಪಟೂರಿನವರು. ಅಪ್ಪ ಹೋದ ಮೇಲೆ ನಮ್ಮ ಜೊತೆ ಬೆಂಗಳೂರಿನ ಅಪಾರ್ಟ್‌ಮೆಂಟಿನ ಏಳನೇ ಮಹಡಿಯಲ್ಲಿದ್ದಾರೆ. ಅಸ್ತಮಾ ಇದೆ. ಡಿಸೆಂಬರ್, ಜನವರಿಯ ಚಳಿ ಮತ್ತು ಎದುರಿಗೆ ಏಳುತ್ತಿರುವ ಎರಡು ಟವರ್‌ಗಳ ಧೂಳು ಸೇರಿ ಎರಡು ವರ್ಷ ಸತತವಾಗಿ ಆಸ್ಪತ್ರೆ ಸೇರಿಸಬೇಕಾಯ್ತು. ಎರಡನೇ ಸಲ ಡಾಕ್ಟರು, “ಚಳಿ, ಧೂಳು ಕಡಿಮೆ ಇರೋ ಕಡೆ ಸ್ವಲ್ಪ ದಿನ ಇಟ್ಟು ನೋಡಿ” ಅಂದರು. ಕರಾವಳಿ ಅಂತ ನಾನು ಬಾಯಿ ತೆರೆದಾಗ ಇನ್ನೊಂದು ಮಾತು ಸೇರಿಸಿದರು: “ಬೂಷ್ಟು ಹಿಡಿದ ಗೋಡೆ ಕೂಡ ಅಸ್ತಮಾನ ಕೆರಳಿಸುತ್ತೆ. ಅದನ್ನೂ ನೋಡ್ಕೊಂಡೇ ಹೋಗಿ.”

ತಿಪಟೂರಿಗೇ ಯಾಕೆ ವಾಪಸ್ ಹೋಗಬಾರದು ಅಂತ ನೀವು ಕೇಳಬಹುದು. ಅಲ್ಲೂ ಬೆಳಗಿನ ಚಳಿ ಇದ್ದೇ ಇದೆ, ಮನೆ ಭಾಗವಾಗಿದೆ. ಸಾಕು, ಆ ಕಥೆ ಬೇಡ.

ಹಾಗಾಗಿ ಕಳೆದ ಡಿಸೆಂಬರ್‌ನಲ್ಲಿ ಸಹೋದ್ಯೋಗಿಯೊಬ್ಬರ ಮದುವೆಗೆ ಉಡುಪಿಗೆ ಹೋದಾಗ ನಾಲ್ಕು ದಿನ ಹೆಚ್ಚು ರಜೆ ಹಾಕಿ ಮನೆ ನೋಡಿದ್ವಿ. ಡಿಸೆಂಬರಿನ ಉಡುಪಿ ಬಗ್ಗೆ ನಾನೇನು ಹೊಸದಾಗಿ ಹೇಳಲಿ? ರಥಬೀದಿ, ಮಲ್ಪೆ, ದೋಣಿಯಲ್ಲಿ ಸೇಂಟ್ ಮೇರೀಸ್ ದ್ವೀಪ, ಸಂಜೆ ಗೋಳಿಬಜೆ. ಎಲ್ಲರ ಇನ್‌ಸ್ಟಾಗ್ರಾಂನಲ್ಲಿ ಇರೋದೇ. ಅಮ್ಮ ನಾಲ್ಕು ರಾತ್ರಿಯೂ ಒಂದೇ ಒಂದು ಸಲ ಕೆಮ್ಮದೆ ಮಲಗಿದರು.

ಊರಿಂದ ಐದಾರು ಕಿಲೋಮೀಟರ್ ಒಳಗೆ, ಸಮುದ್ರದಿಂದ ದೂರದಲ್ಲಿ ಒಂದು ಮನೆ ಇಷ್ಟವಾಯ್ತು. ಮುರಕಲ್ಲಿನ ಗೋಡೆ, ಹಂಚಿನ ಮಾಡು, ಅಂಗಳದಲ್ಲಿ ಬಾವಿ. ಯಜಮಾನರು ಎಪ್ಪತ್ತು ದಾಟಿದವರು, ಪಕ್ಕದಲ್ಲೇ ಹೊಸ ಮನೆಯಲ್ಲಿದ್ದಾರೆ. ನಾನು ಅಡ್ವಾನ್ಸ್ ಎಷ್ಟು ಅಂತ ಕೇಳಿದೆ. ಅವರು ನಕ್ಕರು.

“ಡಿಸೆಂಬರ್‌ನಲ್ಲಿ ಬಂದವರಿಗೆಲ್ಲ ಇಲ್ಲಿ ಮನೆ ಬೇಕು ಅಂತ ಅನ್ನಿಸ್ತದೆ ಸರ್. ನೀವೊಮ್ಮೆ ಜುಲೈನಲ್ಲಿ ಬನ್ನಿ, ಆಮೇಲೆ ಮಾತಾಡುವ.”

ಬಾಡಿಗೆ ಮನೆ ಖಾಲಿ ಇಟ್ಟುಕೊಂಡು ಹೀಗೆ ಹೇಳುವ ಮಾಲೀಕರನ್ನು ನಾನು ಬೆಂಗಳೂರಿನಲ್ಲಿ ನೋಡಿಲ್ಲ.

ಜುಲೈಗೆ ಮೊದಲು ಮೇ ತಿಂಗಳ ಮೊದಲ ವಾರ ಒಬ್ಬನೇ ಹೋಗಿ ಬಂದೆ. ಕರಾವಳಿ ಸೆಖೆಯ ವಿಷಯದಲ್ಲಿ ಒಂದು ಲೆಕ್ಕ ಇದೆ. ಬರೀ ಫೋನಿನ ವೆದರ್ ಆ್ಯಪ್ ನೋಡಿದ್ರೆ ಏಪ್ರಿಲ್‌ನಲ್ಲಿ ಬೆಂಗಳೂರಿನ ಮಧ್ಯಾಹ್ನವೂ 34 ಡಿಗ್ರಿ ಆಸುಪಾಸು, ಉಡುಪಿಯ ಮಧ್ಯಾಹ್ನವೂ ಹೆಚ್ಚುಕಡಿಮೆ ಅಷ್ಟೇ. ವ್ಯತ್ಯಾಸ ಇರೋದು ರಾತ್ರಿಯಲ್ಲಿ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್ ಎತ್ತರದಲ್ಲಿದೆ, ಗಾಳಿ ಒಣಗಿರುತ್ತೆ, ಸೂರ್ಯ ಮುಳುಗಿದ ಮೇಲೆ ನೆಲ ಬೇಗ ತಣ್ಣಗಾಗುತ್ತೆ. ಇಲ್ಲಿ ಸಮುದ್ರ ರಾತ್ರಿಯನ್ನು ತಣ್ಣಗಾಗೋಕೆ ಬಿಡೋದಿಲ್ಲ. 25, 26 ಡಿಗ್ರಿಗೆ ಬಂದು ನಿಂತುಬಿಡುತ್ತೆ. ಗಾಳಿಯಲ್ಲಿ ಆಗಲೇ ನೀರು ತುಂಬಿರೋದ್ರಿಂದ ಮೈಬೆವರು ಆರೋದಿಲ್ಲ. ಫ್ಯಾನ್ ತಿರುಗುತ್ತೆ, ಬೆವರು ಜಾಗ ಬದಲಾಯಿಸುತ್ತೆ, ಅಷ್ಟೇ. ಬೆಳಿಗ್ಗೆ ಎಂಟಕ್ಕೆ ಸ್ನಾನ ಮಾಡಿ ಎಂಟೂವರೆಗೆ ಇನ್ನೊಮ್ಮೆ ಮಾಡೋಣ ಅನ್ನಿಸಿತು.

ಅದಕ್ಕೆ ಎಸಿ ಇದೆ ಬಿಡಿ. ನನಗೆ ಹೆಚ್ಚು ಯೋಚನೆ ಹಚ್ಚಿದ್ದು ನೀರು. ಇಷ್ಟು ಮಳೆ ಬೀಳುವ ಊರಲ್ಲಿ ನೀರಿನ ಚಿಂತೆಯೇ ಅಂತ ನಮ್ಮ ಬಯಲುಸೀಮೆಯವರಿಗೆ ನಗು ಬರಬಹುದು. ಆದರೆ ಬಿದ್ದ ಮಳೆ ಇಳಿಜಾರಿನಲ್ಲಿ ಓಡಿ ಕೆಲವೇ ಗಂಟೆಗಳಲ್ಲಿ ಸಮುದ್ರ ಸೇರುತ್ತೆ. ಮುರಕಲ್ಲಿನ ನೆಲ ಬೇಗ ನೀರು ಕುಡಿದು ಬೇಗ ಬಿಟ್ಟುಬಿಡುತ್ತೆ. ಉಡುಪಿ ನಗರಕ್ಕೆ ನೀರು ಬರೋದು ಸ್ವರ್ಣಾ ನದಿಗೆ ಬಜೆಯಲ್ಲಿ ಕಟ್ಟಿರುವ ಅಣೆಕಟ್ಟೆಯಿಂದ. 2019ರ ಬೇಸಿಗೆಯಲ್ಲಿ ಅಲ್ಲಿ ನೀರು ತಳ ಕಂಡು ನಗರದಲ್ಲಿ ಸರದಿ ಮೇಲೆ ನೀರು ಬಿಟ್ಟಿದ್ದರು. ಇನ್ನು ನದಿಯ ಅಳಿವೆಗೆ ಹತ್ತಿರ ಇರೋ ಕಡೆ ಬೇಸಿಗೆಯಲ್ಲಿ ಸಮುದ್ರದ ನೀರೇ ಹೊಳೆಯಲ್ಲಿ ಮೇಲಕ್ಕೆ ಬರುತ್ತೆ, ಬಾವಿಗಳು ಉಪ್ಪಾಗುತ್ತವೆ. ಅದನ್ನು ತಡೆಯೋಕೇ ಅಲ್ಲಲ್ಲಿ ಕಿಂಡಿ ಅಣೆಕಟ್ಟು ಕಟ್ಟಿದ್ದಾರೆ. ಮಲ್ಪೆ ಕಡೆ ಬ್ರೋಕರ್ ತೋರಿಸಿದ ಒಂದು ಚಂದದ ಮನೆಯ ಬಾವಿ ನೀರನ್ನು ಬಾಯಿಗೆ ಹಾಕಿ ನೋಡಿ ಕೆಳಗಿಟ್ಟೆ. ಅದೇ ಮನೆಯ ಕಿಟಕಿ ಸರಳುಗಳು ಕೈಗೆ ಪುಡಿ ಪುಡಿಯಾಗಿ ಹತ್ತುತ್ತಿದ್ದವು. ಸಮುದ್ರ ಕಾಣೋ ಮನೆ ಬೇಕು ಅಂತಿರೋ ಗೆಳೆಯರೇ, ಬಾಲ್ಕನಿಗಿಂತ ಮೊದಲು ಫ್ರಿಜ್‌ನ ಹಿಂಬದಿ ನೋಡಿ.

ಯಜಮಾನರ ಬಾವಿಯಲ್ಲಿ ಮೇ ತಿಂಗಳಲ್ಲೂ ಎರಡಾಳು ನೀರಿತ್ತು. ಸಿಹಿ ನೀರು.

ಜುಲೈನಲ್ಲಿ ಅಮ್ಮನನ್ನೂ ಕರೆದುಕೊಂಡು ಹದಿನಾಲ್ಕು ದಿನಕ್ಕೆ ಹೋದೆ. ಹೆಂಡತಿಗೆ ಬ್ಯಾಂಕಿನಲ್ಲಿ ರಜೆ ಸಿಗಲಿಲ್ಲ, ಮಗಳಿಗೆ ಸ್ಕೂಲು. ಅರ್ಧ ತಿಂಗಳ ಬಾಡಿಗೆ ತಗೊಂಡು ಅದೇ ಮನೆಯಲ್ಲಿ ಇರೋಕೆ ಯಜಮಾನರು ಒಪ್ಪಿದರು. ರಾತ್ರಿಯ ಪಂಚಗಂಗಾ ಎಕ್ಸ್‌ಪ್ರೆಸ್. ಸಕಲೇಶಪುರ ದಾಟಿದ ಮೇಲೆ ಸುಬ್ರಹ್ಮಣ್ಯದವರೆಗೆ 55 ಕಿಲೋಮೀಟರ್ ಘಟ್ಟ, 57 ಸುರಂಗ. ಕತ್ತಲಲ್ಲಿ ಏನೂ ಕಾಣಲ್ಲ, ನೀರಿನ ಸದ್ದು ಮಾತ್ರ. ಜುಲೈ 2024ರ ಕೊನೆಯಲ್ಲಿ ಇದೇ ದಾರಿಯಲ್ಲಿ ಎಡಕುಮೇರಿ ಹತ್ತಿರ ಗುಡ್ಡ ಕುಸಿದು ಸುಮಾರು ಎರಡು ವಾರ ರೈಲು ನಿಂತಿತ್ತು. ಅದೇ ತಿಂಗಳು ಶಿರಾಡಿ ಘಾಟಿಯಲ್ಲೂ ಮಣ್ಣು ಕುಸಿದು ರಸ್ತೆ ಬಂದ್ ಆಗಿತ್ತು. ಹೆಂಡತಿ ಮಗಳು ಘಟ್ಟದ ಆ ಕಡೆ, ನಾನು ಅಮ್ಮ ಈ ಕಡೆ ಇರುವಾಗ ಹೀಗಾದರೆ? ವಿಮಾನ ಇದೆ, ಬಜಪೆಯಿಂದ. ಮಳೆಗಾಲದ ಕೊನೇ ಗಳಿಗೆಯ ಟಿಕೆಟ್ ದರ ನೋಡಿ ಫೋನ್ ಮಡಚಿಟ್ಟೆ.

ಮಳೆ ಅಂದ್ರೆ ಏನು ಅಂತ ಆ ಹದಿನಾಲ್ಕು ದಿನ ನೋಡಿದೆ. ಬೆಂಗಳೂರಿಗೆ ಇಡೀ ವರ್ಷ ಬೀಳೋದು ಸರಾಸರಿ ಸಾವಿರ ಮಿಲಿಮೀಟರ್ ಒಳಗೆ. ಕರಾವಳಿಯಲ್ಲಿ ಜುಲೈ ಒಂದೇ ತಿಂಗಳಿನ ಸರಾಸರಿ ಅದಕ್ಕಿಂತ ಹೆಚ್ಚು. ಬೆಂಗಳೂರಿನ ಮಳೆ ಜಗಳ ಮಾಡಿ ಹೊರಟುಹೋಗೋ ತರಹದ್ದು. ಇದು ಮನೆಗೆ ಬಂದ ನೆಂಟರ ಹಾಗೆ, ಕೂತೇ ಇರುತ್ತೆ. ಒಗೆದ ಬಟ್ಟೆ ಮೂರು ದಿನ ಹಗ್ಗದಲ್ಲಿದ್ದು ನಾಲ್ಕನೇ ದಿನ ವಾಸನೆ ಬಂದು ಮತ್ತೆ ನೀರಿಗೆ. ಜಿಲ್ಲಾಧಿಕಾರಿಗಳು ಶಾಲೆಗೆ ರಜೆ ಕೊಡ್ತಾರೋ ಇಲ್ವೋ ಅಂತ ಬೀದಿ ಮಕ್ಕಳೆಲ್ಲ ಬೆಳಿಗ್ಗೆ ಮೊಬೈಲ್ ಹಿಡ್ಕೊಂಡು ಕಾಯ್ತಿದ್ದರು. ಕರೆಂಟ್ ಹೋದಾಗ ನನ್ನ ಯುಪಿಎಸ್ ಎರಡು ಗಂಟೆ ಬಂತು, ಮೂರನೇ ಗಂಟೆಯ ಮೀಟಿಂಗನ್ನು ಫೋನಿನ ಹಾಟ್‌ಸ್ಪಾಟ್‌ನಲ್ಲಿ ಮುಗಿಸಿದೆ. ಒಂದು ಸಮಾಧಾನ, ಜುಲೈನಲ್ಲಿ ಸೆಖೆ ಇರಲ್ಲ.

ಮಲ್ಪೆ ಬಂದರಿಗೆ ಹೋದರೆ ನೂರಾರು ದೋಣಿ ಒಂದಕ್ಕೊಂದು ತಾಗಿಕೊಂಡು ನಿಂತಿದ್ದವು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ, ಮೀನು ಮರಿ ಹಾಕೋ ಕಾಲ ಅಂತ. ಇಡೀ ಊರು ಎರಡು ತಿಂಗಳು ಬ್ರೇಕ್ ತಗೊಳ್ಳುತ್ತೆ. ನಮ್ಮ ಕಂಪನಿಗಳು ಇದನ್ನು ಕಲಿಯಬೇಕು ಅಂತ ಮ್ಯಾನೇಜರ್‌ಗೆ ಫೋಟೊ ಕಳಿಸಿದೆ. ಥಂಬ್ಸ್‌ಅಪ್ ಬಂತು.

ಅಮ್ಮನ ವಿಷಯ. ಮೊದಲ ಆರು ರಾತ್ರಿ ಆರಾಮ. ಹಗಲು ಜಗಲಿಯಲ್ಲಿ ಕೂತು ಮಳೆ ನೋಡೋರು. ಅಕ್ಕಪಕ್ಕದ ಮನೆಯವರು ತಮ್ಮೊಳಗೆ ತುಳುವಿನಲ್ಲಿ ಮಾತಾಡಿ ಅಮ್ಮನ ಕಡೆ ತಿರುಗಿದಾಗ ಕನ್ನಡಕ್ಕೆ ಬರೋರು. ಬೆಂಗಳೂರಿನ ಲಿಫ್ಟಿನಲ್ಲಿ ಮೂರು ವರ್ಷ ಅಮ್ಮನ ಜೊತೆ ಯಾರೂ ಮಾತಾಡಿಲ್ಲ. ಇಲ್ಲಿ ಪಕ್ಕದ ಮನೆಯಾಕೆ ಐದನೇ ದಿನಕ್ಕೆ ಪತ್ರೊಡೆ ತಂದುಕೊಟ್ಟು “ಒಣಸ್ ಆಂಡಾ?” ಅಂದರು. ಊಟ ಆಯ್ತಾ ಅಂತ. ಅಮ್ಮ ಗಂಭೀರವಾಗಿ “ಆಂಡ್” ಅಂದರು. ಆ ಒಂದು ಪದವನ್ನು ರಾತ್ರಿ ಫೋನಿನಲ್ಲಿ ಮೊಮ್ಮಗಳಿಗೂ ಕಲಿಸಿದರು.

ದೂರುಗಳೂ ಇದ್ದವು. ಕುಚಲಕ್ಕಿ ಅನ್ನ ಅವರಿಗೆ ಸೇರಲಿಲ್ಲ. ಬಸ್ಸಿನಲ್ಲಿ ಆಧಾರ್ ಕಾರ್ಡ್ ಚಾಚಿದರೆ ಕಂಡಕ್ಟರ್ ನಗುತ್ತಾ ಟಿಕೆಟ್ ಹರಿದುಕೊಟ್ಟ. ಶಕ್ತಿ ಯೋಜನೆ ಸರ್ಕಾರಿ ಬಸ್ಸಿಗೆ, ಇಲ್ಲಿ ಓಡಾಟವೆಲ್ಲ ಬಹುತೇಕ ಖಾಸಗಿ ಬಸ್ಸಿನದು. ತೆಂಗಿನ ವಿಷಯದಲ್ಲಂತೂ ತಿಪಟೂರಿನವರು ಯಾರಿಗೂ ಸೋಲುವವರಲ್ಲ. “ಈ ತೇವದಲ್ಲಿ ಉಂಡೆ ಕೊಬ್ಬರಿ ಮಾಡೋಕಾಗುತ್ತೇನೋ? ಅಟ್ಟದಲ್ಲಿ ವರ್ಷ ಇಟ್ರೆ ಕೊಳೆತೇ ಹೋಗುತ್ತೆ” ಅಂತ ತೀರ್ಪು ಕೊಟ್ಟರು.

ಏಳನೇ ದಿನ ಬೂಷ್ಟು ಕಾಣಿಸಿತು. ಮೊದಲು ನನ್ನ ಬೆಲ್ಟಿನ ಮೇಲೆ, ಆಮೇಲೆ ಮಂಚದ ಅಡಿಯಲ್ಲಿ, ಬೀರುವಿನ ಒಳಗೋಡೆಯಲ್ಲಿ ಬಿಳಿ ಪುಡಿ. ಏಳು, ಎಂಟನೇ ರಾತ್ರಿ ಅಮ್ಮ ಕೆಮ್ಮಿದರು. ಎಂಟನೇ ರಾತ್ರಿ ಎರಡು ಗಂಟೆಗೆ ಎದ್ದು ಕೂತಿದ್ದರು, ಇನ್ಹೇಲರ್ ಎರಡು ಸಲ ತಗೊಂಡಿದ್ದರು. ಹೊರಗೆ ಧೋ ಅಂತ ಮಳೆ. ಮಣಿಪಾಲದ ಆಸ್ಪತ್ರೆ ಕಾರಿನಲ್ಲಿ ಹದಿನೈದು ನಿಮಿಷ ಅಂತ ಗೊತ್ತಿತ್ತು, ಆದರೂ ಟಾರ್ಚು, ಕೊಡೆ, ಫೈಲು ಎಲ್ಲ ಬಾಗಿಲ ಹತ್ತಿರ ತಂದಿಟ್ಟು ಬೆಳಗಾಗುವ ತನಕ ಕೂತೆ. ಹೋಗುವ ಪ್ರಸಂಗ ಬರಲಿಲ್ಲ.

ಬೆಳಿಗ್ಗೆ ಯಜಮಾನರ ಹೆಂಡತಿ ಬಂದು, ಬೀರುವಿನಲ್ಲಿ ಒಂದು ಬಲ್ಬ್ ಉರಿಸಿಡಿ, ಮಂಚ ಗೋಡೆಯಿಂದ ಒಂದು ಗೇಣು ದೂರ ಎಳೀರಿ ಅಂದರು. ಇಲ್ಲಿಯವರು ಮಳೆಗಾಲದಲ್ಲಿ ಒಲೆಯ ಮೇಲೆ ಹಗ್ಗ ಕಟ್ಟಿ ಬಟ್ಟೆ ಒಣಗಿಸ್ತಾರೆ, ಆದರೆ ಹೊಗೆ ಅಮ್ಮನಿಗೆ ಆಗಲ್ಲ. ನಾನು ಉಡುಪಿಗೆ ಹೋಗಿ ಡಿಹ್ಯುಮಿಡಿಫೈಯರ್ ತಂದೆ, ಗಾಳಿಯ ತೇವ ಎಳೆದು ತೊಟ್ಟಿಯಲ್ಲಿ ತುಂಬುವ ಯಂತ್ರ. ಕಿಟಕಿ ಮುಚ್ಚಿ ಒಂದು ರಾತ್ರಿ ಓಡಿಸಿದ್ದಕ್ಕೆ ತೊಟ್ಟಿಯಲ್ಲಿ ಮೂರು ಲೀಟರ್ ನೀರು. ಅಮ್ಮ ಅದನ್ನು ಬಗ್ಗಿ ನೋಡಿ, “ಇಷ್ಟು ನೀರನ್ನ ನಾನು ಉಸಿರಾಡ್ತಿದ್ನೇನೋ?” ಅಂದರು. ಆಮೇಲಿನ ಐದು ರಾತ್ರಿ ಕೆಮ್ಮಲಿಲ್ಲ.

ಐದು ರಾತ್ರಿ ಯಾವುದಕ್ಕೂ ಪುರಾವೆ ಅಲ್ಲ. ಟೆಸ್ಟಿಂಗ್ ಮಾಡಿ ಹೊಟ್ಟೆ ಹೊರೆಯುವ ನನಗೆ ಅಷ್ಟು ಗೊತ್ತು.

ಹೊರಡುವ ಹಿಂದಿನ ಸಂಜೆ ಯಜಮಾನರು ಜಗಲಿಯಲ್ಲಿ ಮಾತಿಗೆ ಕೂತರು. ದೊಡ್ಡ ಮಗ ಮುಂಬೈ, ಚಿಕ್ಕವನು ದುಬೈ. ಇದು ಆ ಊರಿನ ಹಳೇ ಕಥೆ. ಇಲ್ಲಿಯವರು ದೇಶದ ಮೂಲೆಮೂಲೆಯಲ್ಲಿ ಉಡುಪಿ ಹೋಟೆಲ್ ತೆರೆದರು. ಕಾರ್ಪೊರೇಷನ್ ಬ್ಯಾಂಕ್ 1906ರಲ್ಲಿ, ಸಿಂಡಿಕೇಟ್ ಬ್ಯಾಂಕ್ 1925ರಲ್ಲಿ ಹುಟ್ಟಿದ್ದು ಇದೇ ಉಡುಪಿಯಲ್ಲಿ, ಬೆಳೆದು ಊರ ಹೊರಗೆ ಹೋದವು. 2020ರಲ್ಲಿ ಬೇರೆ ಬ್ಯಾಂಕುಗಳಲ್ಲಿ ವಿಲೀನವಾಗಿ ಹೆಸರೂ ಹೋಯಿತು. ನಮ್ಮಂಥವರಿಗೆ ಹದಿನೈದು ಸಾವಿರಕ್ಕೆ ಬಾವಿ, ಅಂಗಳ ಇರೋ ಮನೆ ಸಿಗೋದು ಆ ಮನೆಯ ಮಕ್ಕಳು ಇನ್ನೆಲ್ಲೋ ಬಾಡಿಗೆ ಕಟ್ಟುತ್ತಿರೋದ್ರಿಂದ. “ನೀವು ಅಮ್ಮನ ಕರ್ಕೊಂಡು ಬರ್ತೀರಿ, ನಮ್ಮವರು ಅಮ್ಮನ ಬಿಟ್ಟು ಹೋದ್ರು” ಅಂದರು. ಬೇಸರವೋ ತಮಾಷೆಯೋ ನನಗೆ ಗೊತ್ತಾಗಲಿಲ್ಲ. ಅವರ ಹೆಂಡತಿ ಎದ್ದು ಒಳಗೆ ಹೋದರು.

ಬೆಂಗಳೂರಿಗೆ ಬಂದು ನಾನು, ಹೆಂಡತಿ ಎಕ್ಸೆಲ್ ತೆರೆದು ಕೂತ್ವಿ. ಉಳಿತಾಯ ಅನ್ನೋ ಕಾಲಂ ಮೊದಲು ಅಳಿಸಿದ್ವಿ. ಅವಳ ವರ್ಗಾವಣೆ ಅರ್ಜಿ ಏನಾಗುತ್ತೆ ಅಂತ ಬೇಸಿಗೆಯವರೆಗೆ ಗೊತ್ತಾಗಲ್ಲ, ಮಗಳ ಶಾಲೆ ಮಧ್ಯದಲ್ಲಿ ಬಿಡಿಸೋಕಾಗಲ್ಲ. ಅಲ್ಲಿಯವರೆಗೆ ಎರಡು ಮನೆ, ಎರಡು ಬಾಡಿಗೆ, ತಿಂಗಳಿಗೆ ಎರಡು ಸಲ ರೈಲು. ಮೂರು ತಿಂಗಳಿಗೊಮ್ಮೆ ಒಂದು ವಾರ ಆಫೀಸಿಗೆ ಬರಬೇಕು ಅಂತ ಕಂಪನಿ ಹೇಳಿದೆ. ಆ ವಾರ ಅಮ್ಮ ಒಬ್ಬರೇ. ಅವಳು ಲ್ಯಾಪ್‌ಟಾಪ್ ಮುಚ್ಚಿ, “ಜನವರಿಯಲ್ಲಿ ಅತ್ತೆಗೆ ಆಕ್ಸಿಜನ್ ಹಾಕಿದ್ದು ಈ ಶೀಟಿನಲ್ಲಿ ಎಲ್ಲಿದೆ?” ಅಂದಳು. ಅಲ್ಲಿಗೆ ಚರ್ಚೆ ಮುಗೀತು.

ಅಕ್ಟೋಬರ್‌ನಿಂದ ನಾನು, ಅಮ್ಮ ಹೋಗ್ತಿದ್ದೀವಿ. ಹನ್ನೊಂದು ತಿಂಗಳ ಕರಾರು, ಅಂದರೆ ಒಂದು ಪೂರ್ತಿ ಬೇಸಿಗೆ ಮತ್ತು ಹೆಚ್ಚುಕಡಿಮೆ ಒಂದು ಪೂರ್ತಿ ಮಳೆಗಾಲ. ಅದು ಮುಗಿದ ಮೇಲೆ ಅಮ್ಮನ ಶ್ವಾಸ, ಹೆಂಡತಿಯ ಆರ್ಡರ್ ಎರಡನ್ನೂ ನೋಡಿ ಮುಂದಿನದು. ಅಮ್ಮ ಹತ್ತು ಕಿಲೋ ರಾಗಿ ಹಿಟ್ಟು ಬೀಸಿಸಿಟ್ಟಿದ್ದಾರೆ. ಅಲ್ಲೂ ಸಿಗುತ್ತಮ್ಮ ಅಂದ್ರೆ ಕೇಳಲ್ಲ.

ಕರಾರು ಪತ್ರದ ಕರಡು ವಾಟ್ಸ್ಆ್ಯಪ್‌ನಲ್ಲಿ ಬಂದಿದೆ. ಕೊನೆಯಲ್ಲಿ ಯಜಮಾನರು ಒಂದು ಸಾಲು ಸೇರಿಸಿದ್ದಾರೆ: ಮೇ 15ರೊಳಗೆ ಮಾಡಿನ ಒಡೆದ ಹಂಚು ಬದಲಾಯಿಸಿ, ನೀರು ಹೋಗುವ ದಂಬೆ ಶುಚಿ ಮಾಡಿಸುವುದು ಬಾಡಿಗೆದಾರರ ಜವಾಬ್ದಾರಿ. ಮಾಡು ಹತ್ತಿ ಹಂಚು ಬದಲಿಸುವವರ ನಂಬರನ್ನೂ ಕೆಳಗೆ ಕಳಿಸಿ, ಬರೆದಿದ್ದಾರೆ: “ಏಪ್ರಿಲ್‌ನಲ್ಲೇ ಹೇಳಿಡಿ. ಆಮೇಲೆ ಜನ ಸಿಕ್ಕುದಿಲ್ಲ.”