ಕಪ್ಪು ನೆಲದ ಹಳದಿ ಕಾಲುಗಳು

ಇಂಡಿ ಪಟ್ಟಣದ ಹೊರಗಿನ ಲಿಂಬೆ ತೋಟವೊಂದರ ಬೇಲಿ ದಾಟುತ್ತಲೇ ಕಾಲ ಬುಡದಿಂದ ಒಂದು ಹಿಂಡು ಕೋಳಿ ಚದುರುತ್ತದೆ. ಗಿಡದ ಕೆಳಗೆ ಕುಳಿ ಕೆದರಿಕೊಂಡು ಧೂಳಿನ ಸ್ನಾನ ನಡೆಸಿದ್ದವು, ನಾನು ಕೆಡಿಸಿದೆ. ಕೆಂಪು, ಕಪ್ಪು, ಬೂದಿ, ಬಿಳಿಯ ಮೇಲೆ ಕರಿ ಚುಕ್ಕೆ. ಒಂದರ ಹಾಗೆ ಇನ್ನೊಂದಿಲ್ಲ. ನಾನು ಪುತ್ತೂರಿನ ಕಡೆಯವನು. ನಮ್ಮಲ್ಲಿ ಬೇಡವೆಂದರೂ ಅಡಿಕೆ ತೋಟದ ನೆರಳಿದೆ, ಸಂಜೆಯಾದರೆ ಕೋಳಿಗಳು ಹಲಸಿನ ಮರ ಹತ್ತುತ್ತವೆ. ಇಲ್ಲಿ ಕಣ್ಣು ಹಾಯುವಷ್ಟೂ ಎರೆ ಹೊಲ, ಅದರ ಮೇಲೆ ಬರೀ ಆಕಾಶ. ಹದ್ದಿಗೆ ಇದಕ್ಕಿಂತ ಒಳ್ಳೆಯ ಊರಿಲ್ಲ ಎಂದುಕೊಳ್ಳುತ್ತಿರುವಾಗ ತೋಟದ ಯಜಮಾನರು ಟೊಂಗೆಯೊಂದನ್ನು ಬಗ್ಗಿಸಿ ಮುಳ್ಳು ತೋರಿಸುತ್ತಾರೆ. "ಹದ್ದು ಇದರಾಗ ಇಳದ್ರ ರೆಕ್ಕಿ ಹರಕೊಂಡ ಹೋಗಬೇಕ್ರಿ." ಇಂಡಿ ಲಿಂಬೆಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿದೆ. ಮುಳ್ಳಿನ ಈ ಉಪಕಾರ ಆ ಕಾಗದದಲ್ಲಿ ಇರಲಾರದು.

"ಕೋಳಿ ನೋಡಾಕ ಮಂಗಳೂರ ಕಡಿಂದ ಬಂದೀರ್ಯಾ? ನಿಮ್ಮ ಊರಾಗ ಕೋಳಿ ಇಲ್ಲೇನ್ರಿ?" ಈ ಪ್ರಶ್ನೆ ಪ್ರವಾಸದುದ್ದಕ್ಕೂ ನನ್ನ ಬೆನ್ನು ಬಿಡಲಿಲ್ಲ. ಇವೆ, ಆದರೆ ಜವಾರಿ ಕೋಳಿಯನ್ನು ತಲೆಮಾರುಗಳಿಂದ ಹಿತ್ತಲಲ್ಲೇ ಮರಿ ಮಾಡಿಸಿ ಉಳಿಸಿಕೊಂಡವರನ್ನು ನೋಡಬೇಕಿತ್ತು ಎನ್ನುತ್ತೇನೆ. ಅಸೀಲ್‌ಗೆ ಕಾಳಗದ ಕೀರ್ತಿಯಿದೆ, ಮಧ್ಯಪ್ರದೇಶದ ಝಾಬುವಾದ ಕಡಕ್‌ನಾಥ್‌ಗೆ ಮಾಂಸವೂ ಕಪ್ಪೆಂಬ ಹೆಸರಿದೆ, 2018ರಿಂದ ಭೌಗೋಳಿಕ ಸೂಚಿಕೆಯೂ ಇದೆ. ಇಲ್ಲಿಯ ಜವಾರಿಗೆ ಅಂಥ ಒಂದು ಮುಖಚಹರೆಯೇ ಇಲ್ಲ. ಬಣ್ಣ, ಜುಟ್ಟು, ಕಾಲು ಎಲ್ಲವೂ ಮನೆಮನೆಗೆ ಬೇರೆ. ಒಂದಾಗಿರುವುದು ಅದರ ಬದುಕುವ ರೀತಿ: ತಿಪ್ಪೆ ಕೆದರಿ ಹೊಟ್ಟೆ ಹೊರೆಯುತ್ತದೆ, ತಾನೇ ಕಾವು ಕೂತು ಮರಿ ಮಾಡುತ್ತದೆ.

ಸಿಂದಗಿಯ ಬಸ್ಸು. ಪಕ್ಕದ ಸೀಟಿನ ಹೆಂಗಸಿನ ಕೈಚೀಲದಿಂದ ಎರಡು ಕೊರಳು ಹೊರಗೆ ಬಂದು ನನ್ನ ಅಂಗಿಯ ಗುಂಡಿ ಪರೀಕ್ಷಿಸುತ್ತಿವೆ. ಕಂಡಕ್ಟರ್ ಬಂದು ಕೋಳಿಗಳಿಗೂ ಅರ್ಧ ಟಿಕೆಟ್ ಹರಿಯುತ್ತಾರೆ. "ಹಂಗಾರ ಅವಕ್ಕೂ ಸೀಟ್ ಬಿಡ್ರಿ" ಎನ್ನುತ್ತಾಳೆ ಆಕೆ. ಬಸ್ಸೆಲ್ಲ ನಗುತ್ತದೆ. ಟಿಕೆಟ್ ಪಡೆದ ಪ್ರಯಾಣಿಕರು ಮುಂದಿನ ತಗ್ಗಿನಲ್ಲಿ ನನ್ನ ಪ್ಯಾಂಟಿನ ಮೇಲೆ ತಮ್ಮ ಗುರುತು ಬಿಟ್ಟರು. ಅದನ್ನು ಒರೆಸಿಕೊಳ್ಳಲು ಚೀಟಿ ಹರಿದುಕೊಟ್ಟವರೂ ಕಂಡಕ್ಟರೇ.

ಸಿಂದಗಿಯ ಆಚೆ, ತೊಗರಿ ಹೊಲಗಳ ನಡುವಿನ ಊರಲ್ಲಿ ಒಂದು ಮಾಳಿಗೆ ಮನೆ. ದಪ್ಪ ಮಣ್ಣಿನ ಗೋಡೆ; ಹೊರಗೆ ಬಿಸಿಲು ಸುಡುತ್ತಿದ್ದರೂ ಒಳಗೆ ತಂಪು. ಮೂಲೆಯಲ್ಲಿ ಹುಲ್ಲು ಹಾಸಿದ ಬುಟ್ಟಿ, ಅದರಲ್ಲಿ ಒಂದು ಕರಿ ಹೇಂಟೆ. ನಾನು ಬಾಗಿದೊಡನೆ ಗರಿ ಉಬ್ಬಿಸಿ ಇದ್ದದ್ದರ ಎರಡರಷ್ಟಾಗುತ್ತದೆ. ಮನೆಯ ಆಯಿ ಅಂಜದೆ ಅದರ ಹೊಟ್ಟೆಯಡಿ ಕೈ ತೂರಿಸಿ ಒಂದು ತತ್ತಿ ತೆಗೆದು, ಕತ್ತಲಲ್ಲಿ ಮೊಬೈಲ್ ಟಾರ್ಚಿಗೆ ಹಿಡಿಯುತ್ತಾರೆ. ಚಿಪ್ಪಿನೊಳಗೆ ಕೆಂಪು ನರಗಳ ಜಾಲ, ಅದರ ನಡುವೆ ಅಲುಗುವ ಒಂದು ಚುಕ್ಕೆ. ವಾರ ತುಂಬಿದ ತತ್ತಿ. ನರ ಕಾಣದಿದ್ದರೆ ಅದು ಬರಡು, ತೆಗೆದಿಡಬೇಕು. ಇಪ್ಪತ್ತೊಂದನೆಯ ದಿನ ಮರಿ ಒಡೆಯುತ್ತದೆ. ಅದಕ್ಕೂ ಮೊದಲೇ ಚಿಪ್ಪಿನೊಳಗಿನಿಂದ ಚಿಂವ್ ಎನ್ನುತ್ತದೆ, ತಾಯಿ ಹೊರಗಿನಿಂದ ಉತ್ತರಿಸುತ್ತದೆ.

ಬುಟ್ಟಿಯ ಅಂಚಿನಲ್ಲೊಂದು ಕಬ್ಬಿಣದ ಚೂರು ಇತ್ತು. ಗುಡುಗಿಗೆ ತತ್ತಿ ಕೆಡಬಾರದೆಂದು. ನಮ್ಮ ಅಜ್ಜಿ ಇದ್ದಿಲು ಇಡುತ್ತಿದ್ದರು ಎಂದೆ. "ಇದ್ದಲಿನೂ ನಡೀತದ ತಮ್ಮಾ" ಎಂದು ಆಯಿ ಉದಾರವಾಗಿ ಒಪ್ಪಿದರು.

ಬುಟ್ಟಿಯಲ್ಲಿದ್ದ ತತ್ತಿಗಳಲ್ಲಿ ಕೆಲವು ಗಿರಿರಾಜದವು. ಬೆಂಗಳೂರಿನ ಪಶುವೈದ್ಯಕೀಯ ಕಾಲೇಜಿನಲ್ಲಿ ಹಿತ್ತಲ ಸಾಕಣೆಗೆಂದೇ ರೂಪಿಸಿದ ತಳಿ ಅದು. ಜವಾರಿ ಹೇಂಟೆ ವರ್ಷಕ್ಕೆ 60ರ ಆಸುಪಾಸು ತತ್ತಿ ಇಟ್ಟರೆ ಗಿರಿರಾಜ ಅದರ ಎರಡರಷ್ಟು ಇಡುತ್ತದೆ, ತೂಕವೂ ಹೆಚ್ಚು. ಕಾವು ಕೂರುವ ಬುದ್ಧಿ ಮಾತ್ರ ಅದಕ್ಕಿಲ್ಲ. ಹಾಗಾಗಿ ಅದರ ಸಂತಾನವನ್ನೂ ಈ ಕರಿ ಹೇಂಟೆಯೇ ಹೊರಬೇಕು. ತತ್ತಿಯ ಲೆಕ್ಕದಲ್ಲಿ ಜವಾರಿ ಸೋಲುವುದೇ ಹೀಗೆ ಕೂತದ್ದಕ್ಕೆ. ಕಾವಿನಲ್ಲಿರುವಷ್ಟು ದಿನ, ಮರಿ ಸಾಕುವಷ್ಟು ತಿಂಗಳು ಅದು ತತ್ತಿ ಇಡುವುದಿಲ್ಲ. ನನಗಂತೂ ಅದು ಸೋಲೆಂದು ಕಾಣಲಿಲ್ಲ.

ತಾಳಿಕೋಟೆಯಲ್ಲಿ ಬಸ್ಸು ನಿಂತದ್ದು ಚಹಾ ಕುಡಿಯುವಷ್ಟು ಹೊತ್ತು. ಚಹಾದ ಮೇಲೆ ಧೂಳಿನ ಕೆನೆ. ಮುಂದೆ ಮುದ್ದೇಬಿಹಾಳ. 1565ರಲ್ಲಿ ವಿಜಯನಗರದ ಹಣೆಬರಹ ಬದಲಿಸಿದ ಯುದ್ಧಕ್ಕೆ ಹೆಸರು ಕೊಟ್ಟ ರಕ್ಕಸಗಿ, ತಂಗಡಗಿ ಊರುಗಳು ಕೃಷ್ಣೆಯ ದಂಡೆಗೆ ಈ ಕಡೆಯೇ ಇವೆ. ಇಂಥ ಸೀಮೆಗೆ ಬಂದು ನಾನು ನೋಡುತ್ತಿರುವುದು ಹುಂಜದ ಕಾಲು.

ನೋಡಲೇಬೇಕಾದ ಕಾಲು. ಮುದ್ದೇಬಿಹಾಳದ ಮನೆಯೊಂದರ ಅಂಗಳದ ಹಿಂಡಿನಲ್ಲಿ ಕೆಲವಕ್ಕೆ ಬೂದು ಕಾಲು, ಕೆಲವಕ್ಕೆ ಅಚ್ಚ ಅರಿಶಿನ. ಸಾಕುಕೋಳಿಯ ಮೂಲ ಕೆಂಪು ಕಾಡುಕೋಳಿ ಎಂದು ಡಾರ್ವಿನ್ 1868ರಲ್ಲೇ ಬರೆದಿದ್ದ. ಆದರೆ ಕೆಂಪು ಕಾಡುಕೋಳಿಗೆ ಹಳದಿ ಚರ್ಮವಿಲ್ಲ. ಆ ಬಣ್ಣದ ಜೀನು ಬೂದು ಕಾಡುಕೋಳಿಯಿಂದ ಬಂತೆಂದು 2008ರಲ್ಲಿ ಸ್ವೀಡನ್ನಿನ ಉಪ್ಸಾಲಾ ವಿಶ್ವವಿದ್ಯಾಲಯದ ವಿಜ್ಞಾನಿಗಳ ತಂಡ ತೋರಿಸಿತು. ಬೂದು ಕಾಡುಕೋಳಿ ನಮ್ಮ ಹಿತ್ತಲಾಚೆಯ ಗುಡ್ಡದಲ್ಲಿ ಬೆಳಗಾತ ಕೂಗುವ ಹಕ್ಕಿ! ಭಾರತದ ಹೊರಗೆ ಕಾಡಿನಲ್ಲಿ ಎಲ್ಲೂ ಇಲ್ಲ. ಮರವೇ ಇಲ್ಲದ ಈ ಅಂಗಳದಲ್ಲಿ ಘಟ್ಟದ ಕಾಡಿನ ನೆಂಟಸ್ತಿಕೆ ಜೋಳದ ಕಾಳು ಹೆಕ್ಕುತ್ತ ಓಡಾಡುತ್ತಿದೆ.

ಅದೇ ಹಿಂಡಿನಲ್ಲಿ ಕೊರಳಿಗೆ ಗರಿಯೇ ಇಲ್ಲದ ಒಂದು ಹೇಂಟೆ. ರೋಗವಿರಬೇಕೆಂದು ಹಿಂದೆ ಸರಿದೆ. ಮನೆಯಾಕೆ ನಕ್ಕರು: ಹುಟ್ಟಿನಿಂದಲೇ ಹಾಗೆ, ಬ್ಯಾಸಿಗಿಗೆ ಇದೇ ಗಟ್ಟಿ. ಅವರ ಮಾತು ಸರಿ. ಬೋಳು ಕೊರಳಿನ ಜೀನು ಒಂದೇ ಪ್ರತಿ ಇದ್ದರೆ ಮೈಯ ಗರಿ ಸುಮಾರು ಶೇ. 20ರಷ್ಟು, ಎರಡಿದ್ದರೆ ಶೇ. 40ರಷ್ಟು ಕಡಿಮೆಯಾಗುತ್ತದೆ, ಮೈಯ ಕಾವು ಸಲೀಸಾಗಿ ಹೊರಹೋಗುತ್ತದೆ. ಪಾದರಸ 40 ಡಿಗ್ರಿ ದಾಟುವ ಊರಿನಲ್ಲಿ ಇದಕ್ಕಿಂತ ಒಳ್ಳೆಯ ಒಡವೆ ಯಾವುದು? ಚೆಲುವಿನ ಮಾತು ಬೇರೆ. ಆ ಕೊರಳನ್ನು ಇನ್ನೊಮ್ಮೆ ನೋಡುವ ಧೈರ್ಯ ನನಗೆ ಬರಲಿಲ್ಲ.

ಸಂತಾನಕ್ಕೆ ಯಾವ ಹುಂಜ ಉಳಿಸುತ್ತೀರಿ ಎಂದು ಕೇಳಿದೆ. ನಮ್ಮ ಕಡೆ ಹುಂಜವನ್ನು ಅಳೆಯುವುದು ಕೋಳಿ ಅಂಕದಲ್ಲಿ, ಕಾಲಿಗೆ ಕಟ್ಟಿದ ಬಾಳಿನಲ್ಲಿ. ಈಕೆ ಏನೂ ಹೇಳದೆ ಒಳಗಿನಿಂದ ಒಂದು ಹಿಡಿ ಬಿಳಿಜೋಳ ತಂದು ಎರಚಿದರು. ಎರಡು ಹುಂಜಗಳು ಓಡಿ ಬಂದವು. ಒಂದು ಗಬಗಬ ತಿಂದಿತು. ಇನ್ನೊಂದು ಕಾಳನ್ನು ಕೊಕ್ಕಿನಲ್ಲಿ ಎತ್ತಿ, ಬಿಟ್ಟು, ಮತ್ತೆ ಎತ್ತಿ, ಕುಟ್ ಕುಟ್ ಎಂದು ಹೇಂಟೆಗಳನ್ನು ಕರೆಯಿತು. "ಕರದು ತಿನಸೂದನ್ನ ಇಟಗೋತೀವಿ, ತಾನ ತಿನ್ನೂದನ್ನ ಸಾರಿಗಿ ಹಾಕತೀವಿ." ಇನ್ನೂ ಒಂದು ಕಟ್ಟಳೆ: ಮನೆಯಲ್ಲೇ ಹುಟ್ಟಿದ ಹುಂಜವನ್ನು ಮನೆಯ ಹೇಂಟೆಗಳಿಗೆ ಬಿಡುವುದಿಲ್ಲ, ಬೀಗರ ಊರಿನ ಹುಂಜದೊಂದಿಗೆ ಅದಲುಬದಲು. ಒಳಸಂತಾನದಿಂದ ತತ್ತಿ ಬರಡಾಗುತ್ತದೆ, ಮರಿ ಸೊರಗುತ್ತದೆ ಎನ್ನುವುದನ್ನು ಪಶುವೈದ್ಯಕೀಯ ಕಾಲೇಜಿನವರೂ ಹೇಳುತ್ತಾರೆ.

ಬಸವನ ಬಾಗೇವಾಡಿಯಲ್ಲಿ ಕೋಳಿಯ ಮಾತು ಎತ್ತಲು ನಾಲಿಗೆ ತಡವರಿಸಿತು. ಬಸವಣ್ಣನ ಊರು. ಖಾನಾವಳಿಯಲ್ಲಿ ಖಡಕ್ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ. ಬಾಯಿ ತಪ್ಪಿ ತತ್ತಿ ಕೇಳಿದಾಗ ಹುಡುಗ ಎರಡು ಹೆಜ್ಜೆ ಹಿಂದೆ ಸರಿದ. ಬಸವೇಶ್ವರ ದೇವಸ್ಥಾನದಿಂದ ಹೊರಬರುವಾಗ ನೆನಪಾಯಿತು: ಬಸವಣ್ಣನವರ ವಚನವೊಂದರಲ್ಲಿ ಕಾಗೆಯ ಜೊತೆ ಕೋಳಿಯೂ ಬರುತ್ತದೆ. ತುತ್ತು ಕಂಡರೆ ತನ್ನವರನ್ನೆಲ್ಲ ಕರೆಯುವ ಆ ಗುಣವಿಲ್ಲದ ಭಕ್ತ ಅವಕ್ಕಿಂತ ಕೀಳು ಎಂದು ಅವರ ನಿಷ್ಠುರ. ಮುದ್ದೇಬಿಹಾಳದ ಅಂಗಳದಲ್ಲಿ ಕಂಡದ್ದನ್ನು 12ನೆಯ ಶತಮಾನದಲ್ಲೇ ಒಬ್ಬರು ಕಂಡಿದ್ದರು. ಹಕ್ಕಿಗಳ ನಡವಳಿಕೆ ಓದುವ ವಿಜ್ಞಾನಿಗಳು ಇದಕ್ಕೊಂದು ತುಂಟ ಟಿಪ್ಪಣಿ ಸೇರಿಸಿದ್ದಾರೆ: ಹೇಂಟೆ ದೂರದಲ್ಲಿದ್ದರೆ ಕೆಲವು ಹುಂಜಗಳು ತಿನ್ನಲಾಗದ ವಸ್ತು ತೋರಿಸಿಯೂ ಕರೆಯುತ್ತವಂತೆ.

ಈ ನಾಲ್ಕೂ ತಾಲೂಕುಗಳಲ್ಲಿ ಕೇಳಿದ ಒಂದೇ ದುಃಖವೆಂದರೆ ಕೊಕ್ಕರೆ ರೋಗ. ಬಂದರೆ ಹಿಂಡೇ ಮಲಗುತ್ತದೆ. ಔಷಧವಿಲ್ಲ, ಲಸಿಕೆಯಿದೆ: ವಾರದ ಮರಿಯ ಕಣ್ಣಿಗೋ ಮೂಗಿಗೋ ಲಸೋಟಾ ಹನಿ, ಎಂಟು ವಾರ ಕಳೆದ ಮೇಲೆ ಆರ್‌2ಬಿ ಚುಚ್ಚುಮದ್ದು. ಒಂದು ಸೀಸೆಯಲ್ಲಿ ನೂರಾರು ಕೋಳಿಗಾಗುವಷ್ಟು ಮದ್ದಿರುತ್ತದೆ, ಕಲಸಿದ ಮೇಲೆ ಮರುದಿನಕ್ಕೆ ಇಡುವಂತಿಲ್ಲ. ಆರು ಕೋಳಿಯ ಆಯಿ ಒಬ್ಬರೇ ಅದನ್ನು ತಂದು ಏನು ಮಾಡಿಯಾರು? ಓಣಿಯವರೆಲ್ಲ ಕೂಡಿ ತರಿಸಿದರೆ ಆದೀತು.

ನೀವೂ ಹಿತ್ತಲಲ್ಲಿ ಜವಾರಿ ಸಾಕಬೇಕೆಂದಿದ್ದರೆ ಹೇಂಟೆಗಳನ್ನು ಒಂದೂರಿನಿಂದ, ಹುಂಜವನ್ನು ಇನ್ನೊಂದೂರಿನಿಂದ ತನ್ನಿ. ಹುಂಜ ಕೊಳ್ಳುವ ಮೊದಲು ಒಂದು ಹಿಡಿ ಜೋಳ ಎರಚಿ ನೋಡಿ. ಬಸ್ಸಿನಲ್ಲಿ ತರುವುದಾದರೆ ಹಳೆಯ ಪ್ಯಾಂಟು ಹಾಕಿಕೊಳ್ಳಿ.