ಓಡದ ಕಾರಿಗೂ ವಯಸ್ಸಾಗುತ್ತದೆ

ಇಟಲಿಯ ಫೆರಾರಿ ಕಂಪನಿ 1994ರಿಂದ 1999ರವರೆಗೆ ತಯಾರಿಸಿದ ಎಫ್ 355 ಕಾರಿನ ಚಿತ್ರವನ್ನು ಅಂದು ಗೋಡೆಗೆ ಅಂಟಿಸಿಕೊಂಡಿದ್ದ ಹುಡುಗ ಇಂದು ನಡುವಯಸ್ಸಿನ ಗೃಹಸ್ಥ. ಯುರೋಪಿನಲ್ಲೋ ಅಮೆರಿಕದಲ್ಲೋ ಅಂಥ ಹಳೆಯ ಗಾಡಿಯೊಂದು ಮಾರಾಟಕ್ಕೆ ಬಂದರೆ ಉಳಿತಾಯದ ಹಣ ಹಿಡಿದು ಹೊರಡುತ್ತಾನೆ. 'ಓಡಿರುವುದೇ ಕಡಿಮೆ, ಹೊಸದರಂತಿದೆ' ಎನ್ನುತ್ತಾನೆ ಮಾರುವವನು.

ವಿಜ್ಞಾನ ಈ ಮಾತನ್ನು ಒಪ್ಪುವುದಿಲ್ಲ. ಈ ಎಂಜಿನ್ನಿಗೆ 8 ಸಿಲಿಂಡರ್. ಒಂದಕ್ಕೆ 5ರಂತೆ 40 ವಾಲ್ವ್‌ಗಳು. ಎಂಜಿನ್ ನಿಮಿಷಕ್ಕೆ 8,500 ಸುತ್ತು ತಿರುಗುವಾಗ ಪ್ರತಿ ವಾಲ್ವ್ ಸೆಕೆಂಡಿಗೆ ಸುಮಾರು 70 ಸಲ ತೆರೆದು ಮುಚ್ಚುತ್ತದೆ. ಈ ತಾಳ ತಪ್ಪದಂತೆ ಕಾಯುವುದು ಹಲ್ಲುಗಳುಳ್ಳ ರಬ್ಬರ್ ಬೆಲ್ಟ್. ಅದು ತುಂಡಾದರೆ ಪಿಸ್ಟನ್ ವಾಲ್ವ್‌ಗೆ ಬಡಿದು ಎಂಜಿನ್ನೇ ಹಾಳು. ಕಾರು ಶೆಡ್ಡಿನಲ್ಲಿ ನಿಂತಿದ್ದರೂ ಗಾಳಿಯ ಆಮ್ಲಜನಕ ರಬ್ಬರಿಗೆ ಮುಪ್ಪು ತರುತ್ತಲೇ ಇರುತ್ತದೆ. ಆದ್ದರಿಂದ ಬೆಲ್ಟನ್ನು ಕಿಲೋಮೀಟರ್ ಜೊತೆಗೆ ವರ್ಷಗಳನ್ನೂ ಎಣಿಸಿ ಬದಲಿಸಬೇಕು. ಅದಕ್ಕಾಗಿ ಈ ಕಾರಿನಲ್ಲಿ ಎಂಜಿನ್ನನ್ನೇ ಇಳಿಸುವುದು ವಾಡಿಕೆ. ಬೆಲ್ಟಿನ ಬೆಲೆಗಿಂತ ಕೂಲಿಯೇ ಬಲು ಹೆಚ್ಚು. 1999ರಲ್ಲಿ ಬಂದ 360 ಮೊಡೆನಾದಲ್ಲಿ ಆಸನಗಳ ಹಿಂದಿನ ಮುಚ್ಚಳ ತೆಗೆದೇ ಬೆಲ್ಟ್ ಬದಲಿಸುವಂತಾಯಿತು.

ಹಳತಾದಂತೆ ಕಾರಿನ ಬೆಲೆ ಇಳಿಯಬಹುದು. ಬಿಡಿಭಾಗಗಳ ಬೆಲೆ, ಮೆಕ್ಯಾನಿಕ್ಕಿನ ಕೂಲಿ ಇಳಿಯುವುದಿಲ್ಲ. ಆನೆ ಕೊಳ್ಳುವವನು ಮೇವಿನ ಹಣವನ್ನೂ ತೆಗೆದಿಡಬೇಕು. ಜಾಣನಾದವನು ಮೀಟರ್ ನೋಡಿ ಮರುಳಾಗದೆ ರಿಪೇರಿಯ ರಸೀದಿಗಳನ್ನು ಕೇಳುತ್ತಾನೆ, ಆ ಕಾರನ್ನು ಬಲ್ಲ ಮೆಕ್ಯಾನಿಕ್ಕಿಗೆ ತೋರಿಸುತ್ತಾನೆ. ರಸೀದಿ ಇಲ್ಲದಿದ್ದರೆ, ಎಂಜಿನ್ ಇಳಿಸುವ ಖರ್ಚನ್ನು ಬೆಲೆಗೆ ಕೂಡಿಸಿಕೊಂಡೇ ಚೌಕಾಸಿಗೆ ಕೂರುತ್ತಾನೆ.